ಸೊಂಟವೆಂಬ ಸುಳ್ಳು

ಬೆನ್ನಿನ ಕೆಳಗೆ, ತೊಡೆಯ ಮೇಲೆ, ಕೂತರೆ ನೆಲಕ್ಕೆ ತಾಗುವ ಭಾಗಕ್ಕೆ ಕನ್ನಡದಲ್ಲಿ ಹೆಸರುಗಳ ಬರವೇನೂ ಇಲ್ಲ. ಕುಂಡಿ, ತಿಕ, ಅಂಡು, ಪಿರ್ರೆ. ಸಂಸ್ಕೃತದಿಂದ ಬಂದ ನಿತಂಬ, ಜಘನ, ಪೃಷ್ಠ. ಮೊದಲ ಗುಂಪಿನವು ಬೈಗುಳಕ್ಕೆ, ಹಾಸ್ಯಕ್ಕೆ, ಮಕ್ಕಳನ್ನು ತೊಳೆಯುವ ಹೊತ್ತಿಗೆ. ಎರಡನೆಯ ಗುಂಪಿನವು ಕಾವ್ಯಕ್ಕೆ. ನಾಯಿಕೆಯ ವರ್ಣನೆಗೆ ಕೂತ ಹಳೆಯ ಕವಿ ನಿತಂಬವನ್ನು ಬಿಟ್ಟು ಮುಂದೆ ಹೋದದ್ದು ಕಡಿಮೆ. ಆ ನಾಯಿಕೆಗೆ ಅಲ್ಲಿ ಯಾವತ್ತಾದರೂ ನೋವು ಬಂದಿತ್ತೇ ಎಂದು ಮಾತ್ರ ಅವನು ಕೇಳಲಿಲ್ಲ, ಅವನ ವ್ಯಾಖ್ಯಾನಕಾರನೂ ಕೇಳಲಿಲ್ಲ. ಹೀಗೆ ಒಂದು ಕಡೆ ಶೃಂಗಾರ, ಇನ್ನೊಂದು ಕಡೆ ಬೈಗುಳ. ಎರಡರ ನಡುವೆ ವೈದ್ಯರ ಎದುರು ಕೂತು ನೇರವಾಗಿ ಹೇಳಬಹುದಾದ ಒಂದು ಸಾದಾ ಪದ ಇರಬೇಕಾದ ಜಾಗದಲ್ಲಿ ನಾವು ‘ಸೊಂಟ’ವನ್ನು ತಂದು ಕೂರಿಸಿದ್ದೇವೆ.

ಸೊಂಟ ಎಂದರೆ ಎಲ್ಲಿ? ಡಾಬು ಕಟ್ಟುವ ಜಾಗ ಸೊಂಟ. ಕೂಸನ್ನು ಎತ್ತಿಕೊಳ್ಳುವ ಪಕ್ಕೆ ಸೊಂಟ. ಬೆನ್ನಿನ ಕೆಳತುದಿ ಸೊಂಟ. ಬಚ್ಚಲಲ್ಲಿ ಜಾರಿದ ಮುದುಕಿ ತೊಡೆಮೂಳೆಯ ಕತ್ತು ಮುರಿದುಕೊಂಡರೂ ನಾವು ಹೇಳುವುದು ‘ಸೊಂಟ ಮುರೀತು’ ಎಂದೇ. ಇಷ್ಟು ಅಗಲವಾದ ಪದ ಹಾಡಿಗೆ, ಕತೆಗೆ ಬಹಳ ಅನುಕೂಲ. ಕಾಯಿಲೆಗೆ ಅಲ್ಲ. ಎಡಗಡೆ ಕುಂಡಿಯ ಆಳದಲ್ಲಿ ನೋಯುತ್ತದೆ ಎಂದು ಬಂದವಳ ಚೀಟಿಯ ಮೇಲೆ ‘ಸೊಂಟ ನೋವು’ ಎಂದು ಬರೆದುಕೊಂಡ ಕ್ಷಣಕ್ಕೇ ಅವಳ ಕಾಯಿಲೆ ಅರ್ಧ ಕಳೆದುಹೋಗುತ್ತದೆ ಎನ್ನುವುದು ನನ್ನ ತಕರಾರು. ಇದನ್ನು ನಾವು ಸಭ್ಯತೆ ಎಂದು ಕರೆಯುತ್ತಾ ಬಂದಿದ್ದೇವೆ. ಅದರ ಬೆಲೆ ಏನೆಂದು ಲೆಕ್ಕ ಹಾಕಿಲ್ಲ.

ನನಗೆ ಇದು ಶುರುವಾದದ್ದು ಇಪ್ಪತ್ತೆರಡರಲ್ಲಿ, ಎಂಎ ಎರಡನೆಯ ವರ್ಷದಲ್ಲಿ. ಕಾರಣ ಗೊತ್ತಾದದ್ದು ಇಪ್ಪತ್ತೇಳರಲ್ಲಿ. ನಾನು ಬಾಗಲಕೋಟೆ ಸೀಮೆಯವಳು. ನಮ್ಮಲ್ಲಿ ಕುಂಡಿ ಎನ್ನುವುದು ಮೊಣಕೈ, ಹಿಮ್ಮಡಿಗಳಂತೆ ಮೈಯ ಒಂದು ಭಾಗ, ಅಷ್ಟೆ. ಓದಲು ಬಂದ ಊರಿನ ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ‘ಏನು ತೊಂದರೆ’ ಎಂದಾಗ ನಾನು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಹುಡುಗ ತಲೆಯೆತ್ತಿ ನೋಡಿದ, ಪಕ್ಕದವನನ್ನು ನೋಡಿದ, ಕಂಪ್ಯೂಟರಿನಲ್ಲಿ ‘ಲೋ ಬ್ಯಾಕ್ ಏಕ್’ ಎಂದು ಟೈಪಿಸಿದ. ಒಳಗಿದ್ದ ಮೂಳೆ ವೈದ್ಯರು ಆ ಮೂರು ಪದ ಓದಿಕೊಂಡೇ ನನ್ನನ್ನು ನೋಡಿದರು. ನನ್ನ ಬಾಯಿಂದ ಬಂದ ಕನ್ನಡ ಅವರ ತನಕ ತಲುಪಲೇ ಇಲ್ಲ. ಆಮೇಲಿನ ಐದು ವರ್ಷಗಳಲ್ಲಿ ಬೇರೆ ಬೇರೆ ಕಡೆ ಇದೇ ನಾಟಕ ಬೇರೆ ಬೇರೆ ಪಾತ್ರಧಾರಿಗಳಿಂದ ನಡೆಯಿತು. ಒಬ್ಬರು ಮಾತ್ರ ‘ಕೈಯಿಂದ ಮುಟ್ಟಿ ತೋರ್ಸಮ್ಮ’ ಎಂದಿದ್ದರು. ನಾನು ಎದ್ದು ತಿರುಗುವಷ್ಟರಲ್ಲಿ ‘ಆಯ್ತು ಆಯ್ತು, ಕೂತ್ಕೊಳ್ಳಿ’ ಎಂದರು.

ಸೊಂಟ ನೋವು ಎಂದಾದ ಮೇಲೆ ಮುಂದಿನದು ತಾನಾಗಿ ನಡೆಯುತ್ತದೆ. ಮೊದಲು ನೋವಿನ ಮಾತ್ರೆ, ಜೆಲ್ಲು. ನಂತರ ಎಕ್ಸ್‌ರೇ. ಮೂರು ತಿಂಗಳು ಕಳೆದರೆ ಬೆನ್ನುಮೂಳೆಯ ಕೆಳಭಾಗದ ಎಂಆರ್‌ಐ. ಅದರಲ್ಲಿ ‘ಎಲ್‌4–ಎಲ್‌5 ಮಟ್ಟದಲ್ಲಿ ಸಣ್ಣ ಡಿಸ್ಕ್ ಉಬ್ಬು’ ಎಂಬ ಒಂದು ಸಾಲು. ಅಲ್ಲಿಗೆ ಕಾರಣ ಸಿಕ್ಕಿತು ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಬೆಲ್ಟು, ಟ್ರ್ಯಾಕ್ಷನ್ನು, ಗಟ್ಟಿ ಹಾಸಿಗೆ, ಭಾರ ಎತ್ತಬೇಡ, ಬಗ್ಗಬೇಡ, ವಿಶ್ರಾಂತಿ ತಗೋ.

ಆ ಒಂದು ಸಾಲಿನ ಯೋಗ್ಯತೆ ಎಷ್ಟು ಎಂದು ನೋಡಬೇಕು. 1994ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಅಧ್ಯಯನ ಬಂತು. ಬೆನ್ನುನೋವೇ ಇಲ್ಲದ 98 ಜನರನ್ನು ಎಂಆರ್‌ಐಗೆ ಒಳಪಡಿಸಿದ್ದರು. ಅವರಲ್ಲಿ ಶೇ. 52ರಷ್ಟು ಜನರಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. ಎಲ್ಲ ಡಿಸ್ಕುಗಳೂ ಸರಿಯಿದ್ದವರು ಶೇ. 36 ಮಾತ್ರ. 2015ರಲ್ಲಿ ಇಂಥ 33 ಅಧ್ಯಯನಗಳನ್ನು, ನೋವಿಲ್ಲದ 3110 ಜನರ ಚಿತ್ರಗಳನ್ನು ಒಟ್ಟುಗೂಡಿಸಿ ನೋಡಿದರು. ಇಪ್ಪತ್ತರ ಪ್ರಾಯದಲ್ಲೇ ಶೇ. 30ರಷ್ಟು ಜನರಿಗೆ ಡಿಸ್ಕ್ ಉಬ್ಬು ಇತ್ತು, ಎಂಬತ್ತರಲ್ಲಿ ಶೇ. 84ಕ್ಕೆ. ಅಂದರೆ ತಲೆಗೂದಲು ನೆರೆಯುವಂತೆ ಇದೂ ಒಂದು. ನನ್ನ ಹಾಸ್ಟೆಲ್ ಕೋಣೆಯ ಮೂವರು ಗೆಳತಿಯರನ್ನು ಅದೇ ಯಂತ್ರದೊಳಗೆ ಮಲಗಿಸಿದ್ದರೆ ಒಬ್ಬಳಿಗಾದರೂ ಅದೇ ಸಾಲು ಸಿಗುವ ಸಾಧ್ಯತೆ ಇತ್ತು. ಅವಳಿಗೆ ನೋವಿರಲಿಲ್ಲ, ನನಗಿತ್ತು. ಹಾಗಾದರೆ ಆ ಸಾಲು ನನ್ನ ಬಗ್ಗೆ ಏನು ಹೇಳಿದಂತಾಯಿತು?

ಇನ್ನೊಂದು ಮಾತು. ಬೆನ್ನುಮೂಳೆಗೆಂದು ತೆಗೆಯುವ ಎಂಆರ್‌ಐ ಬೆನ್ನುಮೂಳೆಯನ್ನೇ ನೋಡುತ್ತದೆ. ಅದರ ಕೆಳಗೆ, ತ್ರಿಕಾಸ್ಥಿಯೂ ಸೊಂಟದ ಅಗಲ ಮೂಳೆಯೂ ಎಡ-ಬಲಗಳಲ್ಲಿ ಸೇರುವ ಎರಡು ಕೀಲುಗಳಿವೆ. ಸೇಕ್ರೋಇಲಿಯಕ್ ಕೀಲು, ಚಿಕ್ಕದಾಗಿ ಎಸ್‌ಐ ಕೀಲು. ಕುಂಡಿಯ ಮೇಲ್ಭಾಗದಲ್ಲಿ ಚರ್ಮ ಸ್ವಲ್ಪ ಕುಳಿಬಿದ್ದಿರುತ್ತದಲ್ಲ, ಹೆಚ್ಚುಕಡಿಮೆ ಅದರ ಒಳಗೆ. ಆ ಚಿತ್ರದಲ್ಲಿ ಈ ಕೀಲುಗಳು ಪೂರ್ತಿ ಬೀಳುವುದಿಲ್ಲ, ಬಿದ್ದಷ್ಟನ್ನೂ ಯಾರೂ ಹುಡುಕುವುದಿಲ್ಲ. ಎಲ್ಲಿ ನೋಯುತ್ತದೋ ಅಲ್ಲಿ ಬಿಟ್ಟು ಅದರ ಮೇಲಿನ ಮನೆಯಲ್ಲಿ ಹುಡುಕಿದಂತೆ.

ವೈದ್ಯಕೀಯ ಯಾವಾಗಲೂ ಹೀಗೇ ಇರಲಿಲ್ಲ ಎಂಬುದು ನನಗೆ ನಂತರ ಗೊತ್ತಾದ, ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿದ ಸಂಗತಿ. 1905ರಲ್ಲಿ ಬಾಸ್ಟನ್ನಿನ ಮೂಳೆ ವೈದ್ಯ ಜೋಯೆಲ್ ಗೋಲ್ಡ್‌ಥ್‌ವೇಟ್ ತನ್ನ ಸಹೋದ್ಯೋಗಿಯ ಜೊತೆ ಸೇರಿ ಈ ಕೀಲುಗಳ ಬಗ್ಗೆಯೇ ದೀರ್ಘವಾಗಿ ಬರೆದ. ಮುಂದಿನ ಕೆಲವು ದಶಕ ಬೆನ್ನಿನ ಕೆಳಗೆ ನೋವು ಎಂದರೆ ವೈದ್ಯರ ಕೈ ಮೊದಲು ಹೋಗುತ್ತಿದ್ದದ್ದೇ ಅಲ್ಲಿಗೆ. 1934ರಲ್ಲಿ ಅದೇ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬಿಬ್ಬರು ಡಿಸ್ಕ್ ಒಡೆದು ನರವನ್ನು ಒತ್ತುವುದರಿಂದ ಕಾಲಿಗೆ ಇಳಿಯುವ ನೋವು ಬರುತ್ತದೆ ಎಂದು ತೋರಿಸಿದರು. ಅದು ನಿಜವಾದ, ದೊಡ್ಡ ಶೋಧ. ಎಷ್ಟೋ ಜನರ ಕಾಲು ಉಳಿಸಿತು. ಆದರೆ ಅಲ್ಲಿಂದ ಡಿಸ್ಕಿನ ರಾಜ್ಯಭಾರ ಶುರುವಾಗಿ ಕೀಲು ಮೂಲೆಗೆ ಸರಿಯಿತು. ಎರಡೂ ಲೇಖನಗಳು ಬಂದದ್ದು ಒಂದೇ ಪತ್ರಿಕೆಯಲ್ಲಿ, ನಡುವೆ ಅದರ ಹೆಸರು ಬದಲಾಗಿತ್ತು ಅಷ್ಟೆ. ಹಳೆಯ ಪತ್ರಿಕೆಗಳ ಸಂಪುಟ ತಿರುವುವುದೇ ಉದ್ಯೋಗವಾಗಿರುವ ನನಗೆ ಇದು ಅಪರಿಚಿತವಲ್ಲ. ಒಂದು ವಾದ ಗೆದ್ದಾಗ ಸೋತ ವಾದದೊಳಗಿದ್ದ ನಿಜವೂ ಅದರ ಜೊತೆಗೇ ಅಟ್ಟ ಸೇರುತ್ತದೆ. ಸಾಹಿತ್ಯ ವಿಮರ್ಶೆಯಲ್ಲಿ ಇದರಿಂದ ಯಾರ ಬೆನ್ನೂ ಬಗ್ಗುವುದಿಲ್ಲ.

ಅದಕ್ಕೂ ಹಿಂದೆ ಹೋದರೆ ಚರಕಸಂಹಿತೆ. ಚಿಕಿತ್ಸಾಸ್ಥಾನದ ಇಪ್ಪತ್ತೆಂಟನೆಯ ಅಧ್ಯಾಯ ವಾತರೋಗಗಳದ್ದು. ಅದರಲ್ಲಿ ‘ಗೃಧ್ರಸಿ’ ಎಂಬ ಕಾಯಿಲೆ ಬರುತ್ತದೆ. ಗೃಧ್ರ ಎಂದರೆ ಹದ್ದು, ರೋಗಿಯ ನಡಿಗೆ ಹದ್ದಿನಂತಾಗುತ್ತದೆ ಎಂದು ಆ ಹೆಸರು ಎನ್ನುತ್ತಾರೆ. ಇವತ್ತಿನ ಸಯಾಟಿಕಾಕ್ಕೆ ಅದನ್ನು ಸಮೀಕರಿಸುವುದು ರೂಢಿ. ನೋವು ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂದು ಚರಕ ಕ್ರಮವಾಗಿ ಹೇಳುವಾಗ ಮೊದಲು ಹೇಳುವುದು ‘ಸ್ಫಿಕ್’, ಅಂದರೆ ಕುಂಡಿ. ಆಮೇಲೆ ಕಟಿ, ಬೆನ್ನು, ತೊಡೆ, ಮೊಣಕಾಲು, ಮೀನಖಂಡ, ಪಾದ. ಆಯುರ್ವೇದದ ಪರ ವಕಾಲತ್ತು ವಹಿಸಲು ಇದನ್ನು ಹೇಳುತ್ತಿಲ್ಲ. ಎಣ್ಣೆ-ಕಷಾಯಗಳಿಗೆ ನಾನೂ ಸಾಕಷ್ಟು ದುಡ್ಡು ಸುರಿದಿದ್ದೇನೆ, ಕೀಲು ಅದರಿಂದ ಬದಲಾಗಲಿಲ್ಲ. ನಾನು ಹೇಳುವುದು ಇಷ್ಟೆ: ಅಷ್ಟು ಹಿಂದಿನ ಒಬ್ಬ ವೈದ್ಯನಿಗೆ ಕುಂಡಿಯನ್ನೂ ಸೊಂಟವನ್ನೂ ಎರಡು ಬೇರೆ ಪದಗಳಲ್ಲಿ ಹೇಳಲು ನಾಚಿಕೆಯಾಗಲಿಲ್ಲ.

ಇನ್ನು ‘ಕೂತು ಕೂತು ಬಂದದ್ದು’ ಎಂಬ ಸಿದ್ಧಾಂತ. ಸಂಶೋಧನಾ ವಿದ್ಯಾರ್ಥಿ ಎಂದ ಕೂಡಲೇ ಇದು ಎದುರಾಗುತ್ತದೆ. ಮಾರ್ಗದರ್ಶಕರಿಂದ ಹಿಡಿದು ಮೆಸ್ಸಿನ ಅಡುಗೆಯವರ ತನಕ ಎಲ್ಲರಿಗೂ ನನ್ನ ಕಾಯಿಲೆಯ ಕಾರಣ ಗೊತ್ತಿತ್ತು. ದಿನಕ್ಕೆ ಎಂಟು ಗಂಟೆ ಗ್ರಂಥಾಲಯದ ಮರದ ಕುರ್ಚಿ, ರಾತ್ರಿ ಮಂಚದ ಮೇಲೆ ಲ್ಯಾಪ್‌ಟಾಪ್. ನೋವು ಬರದೆ ಇನ್ನೇನು? ಈ ಸಿದ್ಧಾಂತ ನನಗೆ ಇಷ್ಟವಾಗದಿರುವುದು ಅದು ಪೂರ್ತಿ ಸುಳ್ಳಾಗಿದ್ದಕ್ಕಲ್ಲ. ಕೂತು ಮಾಡುವ ಕೆಲಸ ಮೈಯನ್ನು ಕೆಡಿಸುತ್ತದೆ ಎನ್ನುವುದಕ್ಕೆ ದೊಡ್ಡ ಚರಿತ್ರೆಯೇ ಇದೆ. 1700ರಲ್ಲಿ ಇಟಲಿಯ ಬರ್ನಾರ್ಡಿನೋ ರಾಮಜ್ಜೀನಿ ಕೆಲಸಗಾರರ ಕಾಯಿಲೆಗಳ ಬಗ್ಗೆ ಪುಸ್ತಕ ಬರೆದಾಗ, ಒಂದು ಕಾಲನ್ನು ಮಡಚಿ ಕೂತು ಹೊಲಿಯುವ ದರ್ಜಿಗಳಿಗೆ ಕಾಲು ಜೋಮು ಹಿಡಿಯುವುದನ್ನೂ ಸಯಾಟಿಕಾ ಬರುವುದನ್ನೂ ದಾಖಲಿಸಿದ. ವಿದ್ವಾಂಸರ ಕಾಯಿಲೆಗಳಿಗೂ ಅವನ ಪುಸ್ತಕದಲ್ಲಿ ಜಾಗವಿದೆ. ಕೂರುವ ಮೂಳೆಯ ಮೇಲಿನ ಚೀಲದಂಥ ಪೊರೆ ಬಾತುಕೊಳ್ಳುವ ತೊಂದರೆಗೆ ಇಂಗ್ಲಿಷಿನಲ್ಲಿ ಹಳೆಯ ಹೆಸರೊಂದಿದೆ, ‘ವೀವರ್ಸ್ ಬಾಟಮ್’. ನೇಕಾರರ ಕುಂಡಿ! ಇದನ್ನು ಮೊದಲ ಸಲ ಓದಿದಾಗ ನಾನು ನಕ್ಕೆ, ಆಮೇಲೆ ಸುಮ್ಮನಾದೆ. ನನ್ನ ಅಜ್ಜ ಗುಳೇದಗುಡ್ಡದಲ್ಲಿ ಕುಣಿಮಗ್ಗದ ಮುಂದೆ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು, ಮಡಚಿದ ಗೋಣಿತಟ್ಟಿನ ಮೇಲೆ ಕೂತು ಖಣ ನೇಯ್ದೇ ಮುದುಕನಾದವನು. ಅವನಿಗಿದ್ದ ನೋವಿಗೆ ಒಂದು ಹೆಸರಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಅವನ ಮಗ್ಗದ ಪ್ರತಿ ಭಾಗಕ್ಕೂ ಕನ್ನಡದಲ್ಲಿ ಹೆಸರಿತ್ತು. ಕೂತ ಭಾಗದ ನೋವಿಗೆ ಇರಲಿಲ್ಲ.

ಆದ್ದರಿಂದ ಕೂರುವುದು ನಿರಪಾಯ ಎಂದು ನಾನು ವಾದಿಸುವುದಿಲ್ಲ. ತಕರಾರಿರುವುದು ಈ ಸಿದ್ಧಾಂತ ಹುಡುಕಾಟವನ್ನು ಮುಗಿಸಿಬಿಡುತ್ತದೆ ಎಂಬುದಕ್ಕೆ. ಕಾರಣ ನಿನ್ನ ಕುರ್ಚಿ, ಅಂದರೆ ನೀನು. ಎದ್ದು ಓಡಾಡು, ಯೋಗ ಮಾಡು, ತೂಕ ಇಳಿಸು (ನನ್ನ ತೂಕ ಆಗ ನಲವತ್ತೇಳು ಕಿಲೋ). ಇದರಲ್ಲಿ ವೈದ್ಯರು ಕೇಳಬೇಕಾದ ಪ್ರಶ್ನೆ ಒಂದೂ ಉಳಿಯುವುದಿಲ್ಲ, ರೋಗಿ ತಿದ್ದಿಕೊಳ್ಳಬೇಕಾದ ನಡತೆ ಮಾತ್ರ ಉಳಿಯುತ್ತದೆ. ಕಾಯಿಲೆ ಹೀಗೆ ಗುಣನಡತೆಯ ಪ್ರಶ್ನೆಯಾಗುತ್ತದೆ.

ನನ್ನ ನೋವು ಈ ಸಿದ್ಧಾಂತಕ್ಕೆ ಒಂದು ದಿನವೂ ಹೊಂದಲಿಲ್ಲ. ದಿನವಿಡೀ ಕೂತವಳಿಗೆ ಸಂಜೆ ನೋವು ಹೆಚ್ಚಾಗಬೇಕಲ್ಲವೇ? ನನಗೆ ಹೆಚ್ಚಾಗುತ್ತಿದ್ದದ್ದು ಬೆಳಗಿನ ಜಾವ ಮೂರು, ಮೂರೂವರೆಗೆ. ಮಗ್ಗುಲು ಬದಲಿಸಲು ಆಗದೆ ಎಚ್ಚರ. ಎದ್ದು ಹಾಸ್ಟೆಲಿನ ಕಾರಿಡಾರಿನಲ್ಲಿ ಗೋಡೆ ಹಿಡಿದು ಆ ತುದಿಯಿಂದ ಈ ತುದಿಗೆ ಹತ್ತು ಸಲ ನಡೆದರೆ ಹಗುರ. ಮತ್ತೆ ಮಲಗಿದರೆ ಮತ್ತೆ ಅದೇ. ಕಾವಲಿನ ಅಕ್ಕ ಮೊದಮೊದಲು ನನ್ನನ್ನು ಅನುಮಾನದಿಂದ ನೋಡುತ್ತಿದ್ದರು, ಆಮೇಲೆ ಫ್ಲಾಸ್ಕಿನ ಚಹಾದಲ್ಲಿ ಪಾಲು ಕೊಡತೊಡಗಿದರು. ಬೆಳಗ್ಗೆ ಎದ್ದು ಒಂದು ಗಂಟೆ ಕಳೆಯುವ ತನಕ ಚಪ್ಪಲಿಗೆ ಕಾಲು ತೂರಿಸಲು ಬಗ್ಗಲಾಗುತ್ತಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ನಾನು ಬೇರೆಯವಳು. ವೈದ್ಯರ ಮುಂದೆ ಕೂರುವ ಹೊತ್ತಿಗೆ ಆರೋಗ್ಯವಂತೆ. ಇನ್ನೊಂದು ವಿಚಿತ್ರ: ಎರಡು ವಾರ ಎಡಗಡೆ ಇದ್ದ ನೋವು ಸದ್ದಿಲ್ಲದೆ ಬಲಗಡೆಗೆ ಹೋಗಿಬಿಡುತ್ತಿತ್ತು. ‘ಹೋದ ಸಲ ಎಡಗಡೆ ಅಂದಿದ್ರಲ್ಲ?’ ಎಂದು ಒಬ್ಬರು ನನ್ನ ಹಳೆಯ ಚೀಟಿ ತೋರಿಸಿ ಕೇಳಿದರು. ಕಳ್ಳ ಸಾಕ್ಷಿಯನ್ನು ಹಿಡಿದ ವಕೀಲರ ದನಿ. ಅವರ ಪ್ರಕಾರ ಒತ್ತಡ ಜಾಸ್ತಿಯಾಗಿತ್ತು, ನಿದ್ರೆಗೆ ಒಂದು ಮಾತ್ರೆ ಬರೆದರು.

ಈಗ ಪಠ್ಯಪುಸ್ತಕದ ಮಾತು ಕೇಳಿ. ನಲವತ್ತು-ನಲವತ್ತೈದು ವಯಸ್ಸಿನ ಒಳಗೆ ಶುರುವಾಗಿರುವುದು, ಮೆಲ್ಲಗೆ ಹತ್ತಿಕೊಂಡು ಮೂರು ತಿಂಗಳು ದಾಟಿರುವುದು, ವಿಶ್ರಾಂತಿಯಿಂದ ಕಡಿಮೆಯಾಗದೆ ಓಡಾಡಿದರೆ ಕಡಿಮೆಯಾಗುವುದು, ರಾತ್ರಿಯ ಉತ್ತರಾರ್ಧದಲ್ಲಿ ಎಬ್ಬಿಸುವುದು, ಬೆಳಗ್ಗೆ ಅರ್ಧ ಗಂಟೆಗೂ ಮೀರಿ ಮೈ ಬಿಗಿದಿರುವುದು, ಕುಂಡಿಯ ನೋವು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಹೊರಳುವುದು. ಇವು ಉರಿಯೂತದಿಂದ ಬರುವ ಬೆನ್ನುನೋವಿನ ಲಕ್ಷಣಗಳು ಎಂದು ಎಂಬಿಬಿಎಸ್ ಓದಿದ ಎಲ್ಲರಿಗೂ ಹೇಳಿಕೊಟ್ಟಿರುತ್ತಾರೆ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಕಾಯಿಲೆಯ ಹೊಸ್ತಿಲು ಅದು. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ, ಹೆಚ್ಚಾಗಿ ಎಸ್‌ಐ ಕೀಲಿನಿಂದ ಶುರುಮಾಡಿ ಮೇಲಕ್ಕೆ ಹತ್ತುತ್ತದೆ. ಹಾಗೇ ಬಿಟ್ಟರೆ ಕೆಲವರಲ್ಲಿ ಬೆನ್ನುಮೂಳೆಯ ತುಂಡುಗಳು ಒಂದಕ್ಕೊಂದು ಬೆಸೆದು ಬಿದಿರ ಗಳುವಿನಂತಾಗುತ್ತವೆ. ನನ್ನನ್ನು ಹಿಡಿದಾಡಿಸಿದ ಎಡ-ಬಲದ ‘ಸುಳ್ಳು’ ರೋಗದ ಗುರುತೇ ಆಗಿತ್ತು. ನನಗೆ ಬರೆದುಕೊಟ್ಟ ವಿಶ್ರಾಂತಿ ಈ ಕಾಯಿಲೆಗೆ ಗೊಬ್ಬರ.

ಇಂಥವರಿಗೆ ಕಾರಣ ಗೊತ್ತಾಗಲು ಸರಾಸರಿ ಏಳು ವರ್ಷದ ಹತ್ತಿರ ಹಿಡಿಯುತ್ತದೆ ಎಂದು ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದವರು ಹೇಳುತ್ತಾರೆ. ನಮ್ಮ ದೇಶದ ಲೆಕ್ಕವೂ ಇದರಿಂದ ದೂರವಿಲ್ಲ. ಹೆಂಗಸರಿಗೆ ಇನ್ನೂ ತಡ. ಏಕೆಂದರೆ ಬಹಳ ಕಾಲ ಇದನ್ನು ಗಂಡಸರ ಕಾಯಿಲೆ ಎಂದು ಓದಿಸಿದರು. ಹೆಂಗಸರಲ್ಲಿ ಎಕ್ಸ್‌ರೇಯ ಬದಲಾವಣೆ ನಿಧಾನ. ಎಕ್ಸ್‌ರೇಯಲ್ಲಿ ಕಾಣದಿದ್ದರೆ ಕಾಯಿಲೆಯೇ ಇಲ್ಲ ಎಂಬ ಕಾಲವಿತ್ತು, ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಆ ಕಾಲ ಇನ್ನೂ ಮುಗಿದಿಲ್ಲ. ಇದರ ಮೇಲೆ ಮದುವೆಯ ಮಾತು. ಒಬ್ಬ ಹಿರಿಯ ವೈದ್ಯೆ, ಒಳ್ಳೆಯ ಮನಸ್ಸಿನಿಂದಲೇ, ‘ಒಂದು ಮಗು ಆಗ್ಲಿ, ಎಲ್ಲ ಸಡಿಲ ಆಗತ್ತೆ’ ಎಂದರು. ನನ್ನ ಅವ್ವ ಇನ್ನೊಂದು ಕಡೆಯಿಂದ, ‘ಕುಂಡಿ ಬ್ಯಾನಿ ಐತಿ ಅಂತ ಯಾರ ಮುಂದೂ ಹೇಳಬ್ಯಾಡ, ನಾಳೆ ನೋಡಾಕ ಬರೂರಿಗೆ ಗೊತ್ತಾದ್ರ ಹೆಂಗ?’ ಎಂದಳು. ಒಬ್ಬರಿಗೆ ಮದುವೆ ಔಷಧ, ಇನ್ನೊಬ್ಬರಿಗೆ ಔಷಧದಿಂದ ಮದುವೆಗೆ ಅಡ್ಡಿ. ಎರಡರಲ್ಲೂ ಹುಡುಗಿಯ ಕೀಲಿನ ಸುದ್ದಿ ಇಲ್ಲ.

ಕೊನೆಗೆ ಕಾರಣ ಸಿಕ್ಕಿದ ಬಗೆ ಹೇಳಿದರೆ ಬಹಳ ಸಪ್ಪೆ. ಫಿಸಿಯೋಥೆರಪಿ ಕೋಣೆಯಲ್ಲಿ ತರಬೇತಿಗೆ ಬಂದಿದ್ದ, ನನಗಿಂತ ಚಿಕ್ಕವಳಾದ ಹುಡುಗಿಯೊಬ್ಬಳು ಯಂತ್ರದ ತಂತಿ ಅಂಟಿಸುತ್ತಾ ‘ಅಕ್ಕಾ, ಬೆಳಗ್ಗೆ ಎದ್ದಾಗ ಎಷ್ಟು ಹೊತ್ತು ಬಿಗಿಯಾಗಿರತ್ತೆ?’ ಎಂದು ಕೇಳಿದಳು. ‘ಕುಂಡೀಲಿ ಸೈಡ್ ಚೇಂಜ್ ಆಗತ್ತಾ?’ ಎಂದೂ ಕೇಳಿದಳು. ಅದೇ ಪದ, ಅಳುಕಿಲ್ಲದೆ. ಐದು ವರ್ಷದಲ್ಲಿ ಯಾರೂ ಕೇಳದ ಎರಡು ಪ್ರಶ್ನೆ. ರುಮಟಾಲಜಿಸ್ಟ್ ಹತ್ತಿರ ಹೋಗಿ ಎಂದು ಆ ಪದವನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಟ್ಟವಳೂ ಅವಳೇ. ಆಮೇಲೆ ಎಸ್‌ಐ ಕೀಲುಗಳದ್ದೇ ಎಂಆರ್‌ಐ, ಎಚ್‌ಎಲ್‌ಎ-ಬಿ27 ಎಂಬ ರಕ್ತಪರೀಕ್ಷೆ. ಈ ಕಾಯಿಲೆಗೂ ಆ ಗುರುತಿಗೂ ಇರುವ ನಂಟು ತಿಳಿದದ್ದು 1973ರಲ್ಲಿ. ಆ ಗುರುತು ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಬಹುಪಾಲು ಜನರಿಗೆ ಬರುವುದೇ ಇಲ್ಲ. ಕಾಯಿಲೆ ಇದ್ದ ಕೆಲವರಲ್ಲಿ ಗುರುತು ಇರುವುದಿಲ್ಲ. ಅದೊಂದೇ ತೀರ್ಪಲ್ಲ, ಕತೆಯ ಜೊತೆ ಸೇರಿಸಿ ಓದಬೇಕು. ನನ್ನ ಚಿತ್ರದಲ್ಲಿ ಎರಡೂ ಕೀಲುಗಳ ಅಂಚಿನ ಮೂಳೆ ಬೆಳ್ಳಗೆ ಹೊಳೆಯುತ್ತಿತ್ತು, ಒಳಗೆ ಊತವಿದೆ ಎಂದು ಅದರರ್ಥ. ಈಗ ದಿನಾ ಮಾತ್ರೆ, ದಿನಾ ನಲವತ್ತು ನಿಮಿಷ ವ್ಯಾಯಾಮ. ನೋವು ಹೋಗಿಲ್ಲ. ಮಾತ್ರೆ ಸಾಲದಾದರೆ ಇಂಜೆಕ್ಷನ್‌ಗಳಿವೆ. ಅವು ದುಬಾರಿ, ಅದಕ್ಕೂ ಮುಂಚೆ ಮೈಯಲ್ಲಿ ಕ್ಷಯ ಅಡಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ನನ್ನ ಫೆಲೋಶಿಪ್ ಬರುವ ವೇಗ ನೋಡಿದರೆ ಆ ದಿನ ಬರದಿರಲಿ ಎಂದೇ ಆಸೆ.

ನನಗಿದ್ದದ್ದೇ ಎಲ್ಲರಿಗೂ ಇದೆ ಎಂದು ಯಾರೂ ಓದಿಕೊಳ್ಳಬಾರದು. ಕುಂಡಿಯ ನೋವಿನ ಹಿಂದೆ ಏನೇನೋ ಇರಬಹುದು. ನಿಜಕ್ಕೂ ಡಿಸ್ಕೇ ನರ ಒತ್ತುತ್ತಿರಬಹುದು. ಒಳಗಿನ ಪಿರಿಫಾರ್ಮಿಸ್ ಎಂಬ ಸ್ನಾಯು ಆ ನರವನ್ನು ಅಮುಕಿರಬಹುದು. ತೊಡೆಮೂಳೆಯ ತಲೆಗೆ ರಕ್ತ ನಿಂತು ಅದು ಕುಸಿಯುತ್ತಿರಬಹುದು. ಸ್ಟಿರಾಯ್ಡ್ ಹೆಚ್ಚು ತೆಗೆದುಕೊಂಡವರಲ್ಲಿ, ಕುಡಿಯುವವರಲ್ಲಿ ಇದು ಆಗುತ್ತದೆ, ಕೋವಿಡ್ ನಂತರ ಈ ಬಗ್ಗೆ ನಮ್ಮ ವೈದ್ಯರೇ ವರದಿ ಮಾಡಿದರು. ನಮ್ಮ ದೇಶದಲ್ಲಿ ಮರೆಯಬಾರದ ಇನ್ನೊಂದು, ಎಸ್‌ಐ ಕೀಲಿಗೇ ಬರುವ ಕ್ಷಯ. ಇವುಗಳಲ್ಲಿ ಒಂದಕ್ಕೆ ವಿಶ್ರಾಂತಿ ಮದ್ದು, ಇನ್ನೊಂದಕ್ಕೆ ವಿಷ. ಒಂದಕ್ಕೆ ತಿಂಗಳುಗಟ್ಟಲೆ ಕ್ಷಯದ ಮಾತ್ರೆ, ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆ. ಇಷ್ಟನ್ನೂ ಒಂದೇ ಗೋಣಿಗೆ ತುಂಬಿ ‘ಸೊಂಟ’ ಎಂದು ಬಾಯಿ ಹೊಲಿದರೆ ಯಾರಿಗೆ ಉಪಕಾರ?

ವೈದ್ಯರ ಕಡೆಯ ಮಾತೂ ಇದೆ, ಅದು ಪೊಳ್ಳಲ್ಲ. ಬೆನ್ನುನೋವಿನಲ್ಲಿ ಹೆಚ್ಚಿನವು ಕೆಲವು ವಾರಗಳಲ್ಲಿ ತಾವಾಗಿ ಹೋಗುತ್ತವೆ. ಬಂದವರಿಗೆಲ್ಲ ಎಂಆರ್‌ಐ ಬರೆದರೆ ಸಿಗುವುದು ಅದೇ ಡಿಸ್ಕ್ ಉಬ್ಬುಗಳ ಜಾತ್ರೆ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಬ್ಬರಿಗೆ ಮೂರು ನಿಮಿಷ ಸಿಕ್ಕಿದರೆ ಪುಣ್ಯ. ಜಿಲ್ಲೆಗಳಲ್ಲಿ ಮೂಳೆ ವೈದ್ಯರು ಸಿಗುತ್ತಾರೆ, ರುಮಟಾಲಜಿಸ್ಟರಿಗಾಗಿ ರಾತ್ರಿ ಬಸ್ಸು ಹತ್ತಬೇಕು. ಒಪ್ಪಿದೆ. ಆದರೆ ನಾನು ಕೇಳುತ್ತಿರುವುದು ಹೆಚ್ಚು ಯಂತ್ರಗಳನ್ನಲ್ಲ. ‘ರಾತ್ರಿ ಎಷ್ಟು ಗಂಟೆಗೆ ಎಚ್ಚರ ಆಗತ್ತೆ, ಬೆಳಗ್ಗೆ ಎಷ್ಟು ಹೊತ್ತು ಬಿಗಿ, ಯಾವ ಕಡೆ’ ಎಂದು ಕೇಳಲು ಅರ್ಧ ನಿಮಿಷ ಬೇಕು. ನಾನು ಐದು ವರ್ಷದಲ್ಲಿ ಮಾಡಿಸಿದ ಯಾವ ಸ್ಕ್ಯಾನಿಗಿಂತಲೂ ಅದು ಅಗ್ಗ.

ಈಗ ನಮ್ಮವರ ಕಡೆ, ಸಾಹಿತ್ಯದವರ ಕಡೆ ತಿರುಗುತ್ತೇನೆ. ನಾವೂ ಸಾಚಾಗಳಲ್ಲ. ನೋವು ಎಂದ ಕೂಡಲೇ ನಮಗೆ ರೂಪಕ ಬೇಕು. ನನ್ನ ಕಾಯಿಲೆಯ ವಿಷಯ ತಿಳಿದ ಕವಿಮಿತ್ರರೊಬ್ಬರು ‘ಇದರಿಂದ ಏನಾದರೂ ಬರೀತೀರಿ ಬಿಡಿ’ ಎಂದು ಹುರಿದುಂಬಿಸಿದರು. ಇನ್ನೊಬ್ಬರು ನಾರ್ಮನ್ ಕಸಿನ್ಸ್ ಪುಸ್ತಕ ಓದಲು ಹೇಳಿದರು. ಅಮೆರಿಕದ ಸಂಪಾದಕ ಕಸಿನ್ಸ್‌ಗೆ 1964ರಲ್ಲಿ ಇದೇ ಕಾಯಿಲೆ ಎಂದು ವೈದ್ಯರು ಹೇಳಿದರಂತೆ. ಆತ ಆಸ್ಪತ್ರೆ ಬಿಟ್ಟು ಹೋಟೆಲು ಸೇರಿ, ವಿಟಮಿನ್ ಸಿ ತೆಗೆದುಕೊಂಡು, ಹಾಸ್ಯದ ಸಿನಿಮಾ ನೋಡಿ ನಕ್ಕು ನಕ್ಕು ಗುಣವಾದನಂತೆ. 1979ರಲ್ಲಿ ಬಂದ ಅವನ ಪುಸ್ತಕ ಲೋಕಪ್ರಸಿದ್ಧ. ಅವನಿಗಿದ್ದದ್ದು ಈ ಕಾಯಿಲೆಯೇ ಹೌದೇ ಎಂದು ಆಮೇಲೆ ವೈದ್ಯರು ಅನುಮಾನಪಟ್ಟದ್ದು ಅಷ್ಟು ಪ್ರಸಿದ್ಧವಲ್ಲ. ನಗುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಆ ಪುಸ್ತಕವನ್ನು ರೋಗಿಯ ಕೈಗಿಡುವವರು ನಿಜಕ್ಕೂ ಹೇಳುತ್ತಿರುವುದು, ನೀನು ಸಾಕಷ್ಟು ನಗುತ್ತಿಲ್ಲ ಎಂದು. ಕುರ್ಚಿಯ ಸಿದ್ಧಾಂತದ ತಮ್ಮ ಇದು.

ವಿಭಾಗಗಳ ಸೆಮಿನಾರುಗಳಲ್ಲಿ ಇನ್ನೊಂದು ಹೆಸರು ಓಡಾಡುತ್ತದೆ, ಇಲೇನ್ ಸ್ಕಾರಿ. 1985ರ ತನ್ನ ಪುಸ್ತಕದಲ್ಲಿ ಆಕೆ ದೈಹಿಕ ನೋವು ಭಾಷೆಗೆ ಒಗ್ಗುವುದಿಲ್ಲ, ಭಾಷೆಯನ್ನೇ ನಾಶ ಮಾಡುತ್ತದೆ ಎಂದು ವಾದಿಸುತ್ತಾಳೆ. ಚಿತ್ರಹಿಂಸೆಯ ಬಗ್ಗೆ ಅವಳು ಬರೆದದ್ದಕ್ಕೆ ನಾನು ತಲೆಬಾಗುತ್ತೇನೆ. ನನ್ನಂಥ ದಿನದಿನದ ನೋವಿನ ಬಗ್ಗೆ ಮಾತ್ರ ಈ ಮಾತನ್ನು ಒಪ್ಪಲಾರೆ. ನನ್ನ ಅಜ್ಜಿಯ ಪಕ್ಕ ಅರ್ಧ ಗಂಟೆ ಕೂತರೆ ಭಾಷೆ ನಾಶವಾಗಿದೆಯೇ ಎಂದು ಗೊತ್ತಾಗುತ್ತದೆ. ಅಜ್ಜನ ಮಗ್ಗಕ್ಕೆ ನಲವತ್ತು ವರ್ಷ ಕಂಡಿಕೆ ಸುತ್ತಿದವಳು ಅವಳು. ‘ಟೊಂಕಲ್ಲ ಯವ್ವಾ, ಅದರ ಕೆಳಗ. ಕುಂತಾಗ ಒತ್ತತೈತಿ, ಎದ್ದಾಗ ಛಳಕ್ ಅಂತೈತಿ, ಮೀನಖಂಡದ ಮಟಾ ಜಗ್ಗತೈತಿ, ರಾತ್ರಿ ಜೋಮ ಹಿಡಿತೈತಿ.’ ಒಂದೇ ಉಸಿರಿನಲ್ಲಿ ಜಾಗ, ಹೊತ್ತು, ಬಗೆ, ದಾರಿ ಎಲ್ಲವೂ ಬಂತು. ಕಚ್ಚುವುದು ಬೇರೆ, ಸೆಳೆಯುವುದು ಬೇರೆ, ಉರಿಯುವುದು ಬೇರೆ, ಹಿಡಿಯುವುದು, ನುಲಿಯುವುದು, ಸಿಡಿಯುವುದು, ಜುಮುಗುಡುವುದು ಬೇರೆ ಬೇರೆ. ನರದ ನೋವು ಯಾವುದು, ಕೀಲಿನ ಬಿಗಿತ ಯಾವುದು ಎಂಬುದರ ಸುಳಿವು ಈ ಕ್ರಿಯಾಪದಗಳಲ್ಲೇ ಇದೆ. ಭಾಷೆ ಸೋತಿಲ್ಲ. ಕೌಂಟರಿನ ಕಂಪ್ಯೂಟರಿನಲ್ಲಿ ಅದಕ್ಕೆ ಖಾನೆ ಇಲ್ಲ. ನರ್ಸು ಕೇಳುವುದು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂದು. ಅಜ್ಜಿಗೆ ಆ ಪ್ರಶ್ನೆ ಕೇಳಿದಾಗ ಅವಳು ನನ್ನ ಮುಖ ನೋಡಿ, ‘ಎಷ್ಟು ಹೇಳ್ಲಿ?’ ಎಂದಳು, ಸಂತೆಯಲ್ಲಿ ರೇಟು ಕೇಳಿದವರಂತೆ.

ಪದಗಳನ್ನು ಗಂಭೀರವಾಗಿ ತೆಗೆದುಕೊಂಡವರು ಇಲ್ಲದೆ ಇಲ್ಲ. 1975ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ ನೋವಿಗೆ ಸಂಬಂಧಿಸಿದ 78 ಇಂಗ್ಲಿಷ್ ಪದಗಳನ್ನು 20 ಗುಂಪು ಮಾಡಿ ರೋಗಿಗಳಿಗೆ ಒಂದು ಪ್ರಶ್ನಾವಳಿ ಸಿದ್ಧಪಡಿಸಿದ. ಅದರ ಜೊತೆಗೆ ಮೈಯ ಎರಡು ರೇಖಾಚಿತ್ರ, ಮುಂದಿನದೊಂದು, ಹಿಂದಿನದೊಂದು. ಎಲ್ಲಿ ನೋಯುತ್ತದೆಂದು ರೋಗಿಯೇ ಗುರುತು ಹಾಕಬೇಕು. ಬಾಯಿ ಬಿಟ್ಟು ಹೇಳಲು ಸಂಕೋಚವಿದ್ದವರೂ ಪೆನ್ನಿನಿಂದ ಒಂದು ಸುತ್ತು ಹಾಕಬಲ್ಲರು. ನಮ್ಮ ಯಾವ ಹೊರರೋಗಿ ವಿಭಾಗದಲ್ಲೂ ಅಂಥ ಒಂದು ಹಾಳೆಯನ್ನು ನನ್ನ ಮುಂದೆ ಯಾರೂ ಇಡಲಿಲ್ಲ. ಇಂಗ್ಲಿಷಿನ ಪಟ್ಟಿಯನ್ನು ಅನುವಾದ ಮಾಡಿದರೂ ಸಾಲದು, ಏಕೆಂದರೆ ‘ಛಳಕು’ ಆ ಪಟ್ಟಿಯಲ್ಲಿರುವುದಿಲ್ಲ. ಗುಳೇದಗುಡ್ಡದಲ್ಲಿ, ಕೊಳ್ಳೇಗಾಲದಲ್ಲಿ, ಕುಂದಾಪುರದಲ್ಲಿ ಕೂತು ಕೇಳಿ ಬರೆದುಕೊಳ್ಳಬೇಕು. ಇದು ವೈದ್ಯರೊಬ್ಬರಿಂದಲೇ ಆಗುವ ಕೆಲಸವಲ್ಲ. ಉಪಭಾಷೆಗಳ ಪದಸಂಗ್ರಹ ಮಾಡಲು ಗೊತ್ತಿರುವ ಜನ ನಮ್ಮ ಕನ್ನಡ ವಿಭಾಗಗಳಲ್ಲಿದ್ದಾರೆ. ಕೃಷಿಯ ಪದ, ಕುಂಬಾರರ ಪದ, ನೇಕಾರರ ಪದ ಎಲ್ಲ ಕೂಡಿಸಿಟ್ಟಿದ್ದೇವೆ. ಇದನ್ನೇ ಒಂದು ಸಣ್ಣ ಯೋಜನೆಯಾಗಿ ಮಾಡಬಾರದೇಕೆ ಎಂದು ನಾನು ಒಬ್ಬ ಪ್ರಾಧ್ಯಾಪಕರಲ್ಲಿ ಕೇಳಿದೆ. ಅವರಿಗೆ ವಿಷಯ ಹಿಡಿಸಿತು, ಎರಡು ಸಲಹೆಯನ್ನೂ ಕೊಟ್ಟರು. ಶೀರ್ಷಿಕೆಯಲ್ಲಿದ್ದ ಒಂದು ಪದವನ್ನು ಪೆನ್ಸಿಲಿನಿಂದ ಹೊಡೆದು, ಪಕ್ಕದಲ್ಲಿ ‘ಸೊಂಟ’ ಎಂದು ಬರೆದು ಹಾಳೆ ಹಿಂದಿರುಗಿಸಿದರು.